ಮಾವನವರ ಮೋಟಾರು, ನನ್ನ ಹಾರನ್ನು

ಬ್ಯಾಟರಿ ಸಿಡಿಯಬಹುದಿತ್ತು. ಕಾರಿನ ಡಿಕ್ಕಿಯಲ್ಲಿ ಟ್ರ್ಯಾಕ್ಟರಿನ ನಾಲ್ಕು ಬ್ಯಾಟರಿಗಳಿದ್ದವು. ಅವುಗಳ ಆಸಿಡ್ ತುಳುಕಿ ಹಿಂದಿನ ಸೀಟಿನಲ್ಲಿ ಒರಗಿದ್ದವರ ಬೆನ್ನಿಗೆ ಇಳಿಯಬಹುದಿತ್ತು. ಚೈನು ಹರಿದು ಚಕ್ರಕ್ಕೆ ಸುತ್ತಿಕೊಳ್ಳಬಹುದಿತ್ತು. ವೈರು ಕಾದು ಹೊಗೆ ಬರಬಹುದಿತ್ತು, ಹೊಗೆ ಕಂಡು ಹೆಂಡತಿ ಕಿರುಚಬಹುದಿತ್ತು, ಅವಳು ಕಿರುಚಿದರೆ ನಾನು ಸ್ಟೇರಿಂಗು ಬಿಡಬಹುದಿತ್ತು. ಬಸವನ ಬಾಗೇವಾಡಿಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದು ಡಿಕ್ಕಿ ತೆಗೆಸಬಹುದಿತ್ತು. ಹೈಸ್ಕೂಲ್ ಮಾಸ್ತರನ ಕಾರಿನಲ್ಲಿ ಇದೇನು ಬಾಂಬಾ ಎಂದು ಕೇಳಿದರೆ ನಾನು ಹೌದು ಎಂದುಬಿಡಬಹುದಿತ್ತು, ಅಷ್ಟು ಗಾಬರಿಯಾಗಿದ್ದೆ. ಪೆಟ್ರೋಲು ಮುಗಿಯಬಹುದಿತ್ತು. ಎಮ್ಮೆ ಅಡ್ಡ ಬರಬಹುದಿತ್ತು. ಎಲ್ಲಕ್ಕಿಂತ ಮೊದಲು, ಕಬ್ಬಿನ ಟ್ರ್ಯಾಕ್ಟರೊಂದು ಮುಂದೆ ಸಿಕ್ಕಿ ನಾನು ಅದರ ಬಾಲ ಹಿಡಿದು ವಿಜಾಪುರದವರೆಗೂ ಹೋಗಿಬಿಡಬಹುದಿತ್ತು.

ಮುದ್ದೇಬಿಹಾಳದಿಂದ ವಿಜಾಪುರಕ್ಕೆ ಸುಮಾರು ಎಂಬತ್ತು ಕಿಲೋಮೀಟರು. ಆ ಎಂಬತ್ತು ಕಿಲೋಮೀಟರಿನಲ್ಲಿ ನಾನು ಮನಸ್ಸಿನಲ್ಲೇ ಬರೆದ ಯಾದಿ ಇದು. ಹಿಂದಿನ ಸೀಟಿನಲ್ಲಿ ಎದೆ ಹಿಡಿದುಕೊಂಡು ಒರಗಿದ್ದವರು ನನ್ನ ಹೆಂಡತಿಯ ತಂದೆ, ನನ್ನ ಮಾವ. ಡಿಕ್ಕಿಯಲ್ಲಿದ್ದ ಬ್ಯಾಟರಿ, ಅದರ ಕೆಳಗಿದ್ದ ಮೋಟಾರು, ಚೈನು, ವೈರು ಎಲ್ಲವೂ ಅವರದೇ ಕರಾಮತ್ತು. ಕಾರು ಮಾತ್ರ ನನ್ನದು.

ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಎಡಗೈ ಹೆಬ್ಬೆಟ್ಟಿನ ಉಗುರು. ವಾರ್ನಿಶ್ ಕುಡಿದು ಕುಡಿದು ಅದು ಎಮ್ಮೆಯ ಕೋಡಿನ ಬಣ್ಣಕ್ಕೆ ತಿರುಗಿತ್ತು, ಗಟ್ಟಿಯೂ ಅಷ್ಟೇ ಇತ್ತು. ತಾಮ್ರದ ತಂತಿಯ ಮೇಲಿನ ಪದರವನ್ನು ಅವರು ಚಾಕುವಿನಿಂದಲ್ಲ, ಅದೇ ಉಗುರಿನಿಂದ ಕೆರೆಯುತ್ತಿದ್ದರು. ಇಂಡಿ ಊರಿನ ಐಟಿಐಯಲ್ಲಿ ಇಪ್ಪತ್ತೆಂಟು ವರ್ಷ ವಿದ್ಯುತ್ ಕೆಲಸ ಕಲಿಸಿ ನಿವೃತ್ತರಾದ ಮೇಲೆ ಮನೆಯ ಪಡಸಾಲೆಯನ್ನೇ ಶಾಪು ಮಾಡಿಕೊಂಡಿದ್ದರು. ವೋಲ್ಟೇಜು ಏರಿಳಿದು ಸುಟ್ಟ ಪಂಪಿನ ಮೋಟಾರುಗಳನ್ನು ಸುತ್ತಲಿನ ಹಳ್ಳಿಯವರು ತಂದು ಹಾಕುತ್ತಿದ್ದರು. ದೇವರ ಕೋಣೆಯ ಊದುಬತ್ತಿಯೂ ಪಡಸಾಲೆಯ ವಾರ್ನಿಶ್ಶೂ ಕೂಡಿ ಆ ಮನೆಗೆ ಒಂದು ವಾಸನೆ ಬಂದಿತ್ತು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿಯ ಸೀರೆಗಳಲ್ಲೂ ಅದೇ ವಾಸನೆ.

ಮೋಟಾರಿನ ತಂತಿಯ ಕಾಯಿಲು ಸುತ್ತುವಾಗ ಅವರು ಸುತ್ತುಗಳನ್ನು ಬಾಯಿಬಿಟ್ಟು ಎಣಿಸುತ್ತಿದ್ದರು. ಆಗ ಯಾರು ಏನೇ ಕೇಳಲಿ, ಉತ್ತರ ಅಂಕಿಯಲ್ಲೇ. ಅತ್ತೆಯವರು ಒಳಗಿನಿಂದ "ಚಹಾ ಮಾಡ್ಲೇನ್ರಿ?" ಎಂದರೆ "ಮೂವತ್ತೆಂಟು" ಎಂದು ರಾಗವಾಗಿ ಅನ್ನುವರು, ಹೌದು ಎಂದರ್ಥ. "ಹಾಲಿನವ ಬಂದಾನ, ಚಿಲ್ಲರ ಅದ ಏನು?" ಎಂದರೆ "ಮೂವತ್ತೊಂಬತ್ತು!" ಎಂದು ಗದರುವರು. ನಲವತ್ತು ವರ್ಷದ ಸಂಸಾರದಲ್ಲಿ ಅತ್ತೆಯವರು ಆ ಅಂಕಿಗಳ ಧಾಟಿಯನ್ನು ಪೂರ್ತಿ ಕಲಿತಿದ್ದರು. ನಾನು ಕೈಕಾಲು ತೊಳೆದು ಬಂದು ನಮಸ್ಕಾರ ಮಾಡಿದರೆ ನನಗೂ ಒಮ್ಮೊಮ್ಮೆ "ಐವತ್ತಾರು" ಸಿಗುತ್ತಿತ್ತು. ಅಳಿಯನಿಗೆ ಸಲ್ಲುವ ಮರ್ಯಾದೆ ಅದರಲ್ಲಿ ಎಷ್ಟಿತ್ತೆಂದು ನನಗೆ ಇಂದಿಗೂ ತಿಳಿಯದು.

ಅವರ ಇನ್ನೊಂದು ಚಾಳಿ ನನ್ನ ತಲೆ ಕೆಡಿಸುತ್ತಿತ್ತು. ಅವರು ಯಾರದೂ ತಪ್ಪು ಎನ್ನುತ್ತಿರಲಿಲ್ಲ. ಹಾಲು ಉಕ್ಕಿದರೆ ಒಲೆಯ ಬರ್ನರು ಸರಿಯಿಲ್ಲ. ಮೊಮ್ಮಗ ಗಣಿತದಲ್ಲಿ ಫೇಲಾದರೆ ಪುಸ್ತಕದ ಅಚ್ಚು ಸಣ್ಣದು. ರೈತನೊಬ್ಬ ನೀರಿಲ್ಲದ ಬಾವಿಯಲ್ಲಿ ಇಡೀ ದಿನ ಪಂಪು ಓಡಿಸಿ ಸುಟ್ಟು ತಂದರೂ "ಬೇರಿಂಗ್ ಹೋಗಿತ್ತು ಬಿಡು" ಎನ್ನುವರು. ನಾನು ಒಮ್ಮೆ ತಡೆಯಲಾರದೆ, "ಮಾವಾರ, ಅವನs ಸುಟ್ಟಾನ, ನಿಮಗೂ ಗೊತ್ತದ" ಎಂದೆ. ಅವರು ಉಗುರಿನಿಂದ ತಂತಿ ಕೆರೆಯುತ್ತಲೇ, "ಮನಷ್ಯಾನೊಳಗ ತಪ್ಪು ಹುಡುಕಿದ್ರ ರಿಪೇರಿಗೆ ಎಲ್ಲೆ ಒಯ್ಯೋಣು? ಸಾಮಾನಿನೊಳಗ ಹುಡುಕ್ರಿ ಅಳಿಯಂದ್ರ, ಬಿಚ್ಚಲಿಕ್ಕೆ ಬರ್ತದ" ಎಂದರು. ಹೈಸ್ಕೂಲಿನಲ್ಲಿ ದಿನಕ್ಕೆ ಆರು ತಾಸು ಮಕ್ಕಳ ತಪ್ಪು ಹುಡುಕುವುದೇ ನನ್ನ ಉದ್ಯೋಗ.

ನಾನು ಎಂಥವನೆಂದೂ ಹೇಳಬೇಕು. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡಿ, ಸಿಂದಗಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಮತ್ತೆ ಮನೆಗೆ ಬಂದು ನಾಲ್ಕನೆಯ ಸಲ ಜಗ್ಗುವವನು. ಅಂಥವನು ಒಂದು ಹಳೆಯ ಸಣ್ಣ ಕಾರು ಕೊಂಡಿದ್ದೇ ತಪ್ಪು. ಆ ಕಾರಿನಲ್ಲಿ ನಾನು ಪೂರ್ತಿ ನಂಬಿದ್ದು ಹಾರನ್ನು ಒಂದನ್ನೇ. ಮುಂದೆ ಏನೇ ಕಾಣಲಿ, ಒತ್ತುತ್ತಿದ್ದೆ. ಒತ್ತಿ, ಅದು ತಾನಾಗಿ ಸರಿಯಲಿ ಎಂದು ಕಾಯುತ್ತಿದ್ದೆ. ಓವರ್‌ಟೇಕ್ ಎಂಬುದನ್ನು ನಾನು ಮಾಡಿರಲಿಲ್ಲ. ನನ್ನ ಹೆಂಡತಿ ಕಬ್ಬಿನ ಹಂಗಾಮಿನಲ್ಲಿ ತವರಿಗೆ ಹೊರಟರೆ ಹೆಣಿಗೆ ತೆಗೆದುಕೊಂಡು ಹತ್ತುತ್ತಿದ್ದಳು. ಸಿಂದಗಿಯಿಂದ ಇಂಡಿ ಮುಟ್ಟುವುದರೊಳಗೆ ಸ್ವೆಟರಿನ ಒಂದು ತೋಳು ಮುಗಿಯುತ್ತಿತ್ತು.

ನಗುವಂಥದು ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

ಎರಡು ಸಾವಿರದ ಒಂದನೇ ಇಸವಿಯ ಜನವರಿ. ಕೊಲ್ಹಾರದಲ್ಲಿ ಮಾವನವರ ಅಕ್ಕನಿಗೆ ಬೇನೆ ಜೋರಾಗಿದೆ ಎಂದು ಇಂಡಿಗೆ ಫೋನು ಬಂತು. ನಾವು ಅಲ್ಲೇ ಇದ್ದೆವು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಬೆಳೆಸಿದ ಅಕ್ಕ. ಹಳೆಯ ಕೊಲ್ಹಾರ ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ಮನೆಯ ಬಾಗಿಲ ಚೌಕಟ್ಟನ್ನು ಕೀಳಿಸಿ, ಚಕ್ಕಡಿಯಲ್ಲಿ ಹೇರಿಕೊಂಡು ಹೊಸ ಊರಿಗೆ ತಂದಾಕೆ. ಮಾವನವರು ಕೈಯಲ್ಲಿದ್ದ ಕಾಯಿಲನ್ನು ಎಣಿಕೆ ಮುಗಿಸದೆ ಕೆಳಗಿಟ್ಟರು. ಅವರು ಹಾಗೆ ಇಟ್ಟದ್ದನ್ನು ನಾನು ಮೊದಲ ಸಲ ನೋಡಿದೆ.

ವಿಜಾಪುರ ದಾಟಿ ಸ್ವಲ್ಪ ದೂರದಲ್ಲೇ ಮುಂದೊಂದು ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು ಕಬ್ಬು. ಎರಡೂ ಕಡೆ ಕಬ್ಬಿನ ಗರಿ ರಸ್ತೆ ಗುಡಿಸುತ್ತಿತ್ತು. ಡ್ರೈವರನ ಟೇಪು ಎಷ್ಟು ಜೋರಾಗಿತ್ತೆಂದರೆ ನನ್ನ ಹಾರನ್ನು ನನಗೇ ಕೇಳಿಸುತ್ತಿರಲಿಲ್ಲ. ಒತ್ತಿದೆ, ಕಾದೆ, ಒತ್ತಿದೆ. ಪಕ್ಕದಲ್ಲಿ ಮಾವನವರು ಕೈಗಳನ್ನು ತೊಡೆಯ ಮೇಲಿಟ್ಟು ಕೂತಿದ್ದರು.

"ಜಾಗಾ ಅದ," ಎಂದರು ಒಮ್ಮೆ.

"ಎದುರಿಗೆ ಲಾರಿ ಬಂದ್ರ, ಮಾವಾರ?"

"ಬಂದಿಲ್ಲಲಾ."

"ಬಂದ್ರ?"

ಮಸೂತಿ ಊರು ದಾಟುವವರೆಗೂ ನಾನು ಆ ಕಬ್ಬಿನ ಹಿಂದೆಯೇ ಹೋದೆ. ಕೊಲ್ಹಾರದ ಮನೆಯ ಮುಂದೆ ಇಳಿದಾಗ ಅದೇ ಹಳೆಯ ಚೌಕಟ್ಟಿನ ಬಾಗಿಲಲ್ಲಿ ನೆರೆಮನೆಯ ಹೆಣ್ಣುಮಗಳು ನಿಂತಿದ್ದಳು. "ಅರ್ಧಾ ತಾಸ್ ಆತ್ರಿ. ತಮ್ಮ ಬಂದನೇನು, ತಮ್ಮ ಬಂದನೇನು ಅಂತ ಈ ಬಾಗಲಾನ ನೋಡ್ಕೋತ ಹ್ವಾದ್ರು" ಎಂದಳು.

ಮೂರನೆಯ ದಿನ ಇಂಡಿಗೆ ಮರಳುವಾಗ ನಾನು ಧೈರ್ಯ ಮಾಡಿ, "ಮಾವಾರ, ಅವತ್ತು ತಪ್ಪು ನಂದು..." ಎಂದು ಶುರು ಮಾಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತ, "ಗಾಡಿಗೆ ಪಿಕಪ್ ಇಲ್ಲ" ಎಂದರು. ಆಮೇಲೆ ಸಾವಿನ ಸುದ್ದಿ ಕೇಳಿ ಮಾತಾಡಿಸಲು ಬಂದ ಎಲ್ಲರಿಗೂ ಅದನ್ನೇ ಹೇಳಿದರು. ಗಾಡಿಗೆ ಪಿಕಪ್ ಇಲ್ಲ, ಅದಕ್ಕs ತಡ ಆತು. ಅವರು ಬೈದಿದ್ದರೆ ನಾನು ನಾಲ್ಕು ದಿನ ಮುಖ ಊದಿಸಿಕೊಂಡು ಆಮೇಲೆ ಮರೆಯುತ್ತಿದ್ದೆ. ಬೈಯಲಿಲ್ಲವಲ್ಲ, ಮರೆಯುವುದಾದರೂ ಹೇಗೆ? ನನಗೆ ಅವರ ಮೇಲೆ ಸಿಟ್ಟೇ ಬಂತು.

ಅದೇ ವರ್ಷ ಅಧಿಕ ಆಶ್ವಿನ ಬಂತು. ಮೂರು ವರ್ಷಕ್ಕೊಮ್ಮೆ ಬರುವ ಈ ಹೆಚ್ಚಿನ ತಿಂಗಳಲ್ಲಿ ನಮ್ಮ ಮನೆತನಗಳಲ್ಲಿ ಮಗಳನ್ನೂ ಅಳಿಯನನ್ನೂ ಕರೆದು, ಲಕ್ಷ್ಮೀನಾರಾಯಣರೆಂದು ಕೂಡಿಸಿ, ಬಾಗಿನ ಕೊಡುವ ಪದ್ಧತಿ. ಕೊಡುವುದೆಲ್ಲ ಮೂವತ್ತಮೂರು: ಅಕ್ಕಿಹಿಟ್ಟು-ಬೆಲ್ಲದ ಮೂವತ್ತಮೂರು ಅನಾರಸ, ಇಲ್ಲವೇ ಮೂವತ್ತಮೂರು ಬತ್ತಾಸು. ಅತ್ತೆಯವರು ಅನಾರಸ ಎಣಿಸಿ ತಟ್ಟೆಯಲ್ಲಿಟ್ಟರು. ಮಾವನವರು ಮಾತ್ರ ಬರಿಗೈಯಲ್ಲಿ ಬಂದು, "ನನ್ನ ಬಾಗಿನ ಬ್ಯಾರೆ ಅದ. ಗಾಡಿ ಬಿಟ್ಟು ಹೋಗ್ರಿ ಅಳಿಯಂದ್ರ, ಎರಡ ದಿವ್ಸ" ಎಂದರು.

ನಾರಾಯಣನಾಗಿ ಮಣೆಯ ಮೇಲೆ ಕೂತವನು ಬಾಗಿನ ಒಲ್ಲೆ ಎನ್ನುವಂತಿಲ್ಲ. ಬಿಟ್ಟು ಹೋದೆ. ಎರಡು ದಿನ ಎಂದದ್ದು ಸಂಕ್ರಾಂತಿಯವರೆಗೆ ನಡೆಯಿತು. ನಾನು ಬಸ್ಸಿನಲ್ಲಿ ಜೋತಾಡಿಕೊಂಡು ಇಂಡಿಗೆ ಹೋದಾಗಲೆಲ್ಲ ನನ್ನ ಕಾರು ಅಂಗಳದಲ್ಲಿ ಇಟ್ಟಿಗೆಗಳ ಮೇಲೆ ನಿಂತಿರುತ್ತಿತ್ತು, ಅದರ ಕೆಳಗಿನಿಂದ ಮಾವನವರ ಎರಡು ಪಾದಗಳು ಕಾಣುತ್ತಿದ್ದವು.

ಅವರ ವಿಚಾರ ಇಷ್ಟು. ಜಪಾನದಲ್ಲಿ ಎಂಜಿನ್ನೂ ವಿದ್ಯುತ್ ಮೋಟಾರೂ ಕೂಡಿಯೇ ಎಳೆಯುವ ಸಣ್ಣ ಕಾರು ಬಂದಿದೆ ಎಂದು ಪೇಪರಿನಲ್ಲಿ ಓದಿದ್ದರು. ನನ್ನ ಕಾರಿನಲ್ಲಿ ಎಂಜಿನ್ನು ಎಳೆಯುವುದು ಮುಂದಿನ ಚಕ್ರಗಳನ್ನು. ಹಿಂದಿನವು ಸುಮ್ಮನೆ ಉರುಳಿಕೊಂಡು ಬರುತ್ತವೆ. ಅವುಗಳಲ್ಲೊಂದಕ್ಕೆ ಗುಜರಿಯಿಂದ ತಂದ ಬ್ಯಾಟರಿ ಟ್ರಾಲಿಯ ಮೋಟಾರನ್ನು ಚೈನಿನಿಂದ ಜೋಡಿಸುವುದು. ಬೇಡದಾಗ ಚಕ್ರ ಬಿಡುಬೀಸಾಗಿ ತಿರುಗಲು ಸೈಕಲ್ಲಿನಂತೆ ಫ್ರೀವೀಲು.

"ಎಂಜಿನ್ ಇರೂದು ಸಾಕಾಗೂದಿಲ್ಲೇನು?" ಎಂದೆ.

"ನಿಮ್ಮ ಸಾಲ್ಯಾಗ ಹೊಸಾ ಮಾಸ್ತರ ಬರ್ತಾನ ನೋಡ್ರಿ, ಹಂಗ ಎಂಜಿನ್. ಕ್ಲಾಸು ಹಿಡಿತಕ್ಕ ಬರಲಿಕ್ಕೆ ಹೊತ್ತು ಬೇಕು. ಚೀರ್ತಾನ, ಒದರ್ತಾನ, ಆಮ್ಯಾಲೆ ಜೋರ್ ಬರ್ತದ. ಮೋಟಾರ್ ಅಂದ್ರ ಹೆಡ್ ಮಾಸ್ತರ. ಬಾಗಲದಾಗ ನಿಂತ್ರ ಮುಗೀತು. ಮೊದಲನೇ ಸುತ್ತಿಗೇ ಪೂರಾ ಜೋರು."

ಸುಟ್ಟುಹೋಗಿದ್ದ ಆ ಮೋಟಾರನ್ನು ಅವರೇ ಸುತ್ತಿದರು. ಬಿಚ್ಚಿ ನೋಡಿದಾಗ ತಿರುಗುವ ಭಾಗದಲ್ಲಿ ತಂತಿ ಕೂಡಿಸುವ ಸಂದುಗಳು ಸರಿಯಾಗಿ ಮೂವತ್ತಮೂರು ಇದ್ದವು. ಅದನ್ನು ಎತ್ತಿಕೊಂಡು ಅಡುಗೆಮನೆಗೇ ಓಡಿದರು. "ಎಣಸು! ಎಣಸಿ ನೋಡು! ಅಧಿಕ ಮಾಸದ್ದs ಅದ!" ಅತ್ತೆಯವರು ರೊಟ್ಟಿ ಬಡಿಯುತ್ತಿದ್ದರು. "ಇದಕ್ಕ ಏನಂತಾರಂದ್ರಿ? ಹೈಬ್ರಿಡ್ಡು? ಹೈಬ್ರಿಡ್ ಜ್ವಾಳದ ರೊಟ್ಟಿನs ಗಂಟಲದಾಗ ಇಳ್ಯೂದಿಲ್ಲ, ಇನ್ನ ಕಾರು ಏನು ಛಂದ ಇದ್ದೀತು?" ಎಂದು ರೊಟ್ಟಿ ಮಗುಚಿದರು.

ಮೋಟಾರಿಗೆ ಸ್ವಿಚ್ಚು ಎಲ್ಲಿ ಎಂದು ಕೇಳಿದಾಗ ನನಗೆ ನಿಜವಾದ ಆಘಾತವಾಯಿತು. ಹಾರನ್ನಿಗೇ ಜೋಡಿಸಿದ್ದರು.

"ಹಾರನ್ನಿಗೇ?"

"ನಿಮ್ಮ ಕೈ ನಾ ನೋಡೀನಿ ಅಳಿಯಂದ್ರ. ಬ್ಯಾರೆ ಸ್ವಿಚ್ ಇಟ್ರ ನೀವು ಒತ್ತೂದಿಲ್ಲ, ವಿಚಾರ ಮಾಡ್ತೀರಿ. ಹಾರನ್ ಆದ್ರ ವಿಚಾರ ಮಾಡಲಾರದs ಒತ್ತತೀರಿ. ಮುಂದ ಹೋಗಬೇಕಂದ್ರ ನಮ್ಮ ಕಡೆ ಎಲ್ಲಾರೂ ಮೊದಲ ಹಾರನ್ನs ಒತ್ತತಾರ. ಒತ್ತಿದ ಕೂಡ್ಲೆ ಗಾಡಿ ಹೋಗಬೇಕು."

ಹೋಯಿತು. ಕಾರು ಕೈಗೆ ಬಂದ ಮೊದಲ ದಿನವೇ ಇಂಡಿಯ ಬಜಾರದ ಓಣಿಯಲ್ಲಿ ಎಮ್ಮೆಯೊಂದು ಅಡ್ಡ ನಿಂತಿತ್ತು. ನಾನು ಎಂದಿನಂತೆ ಹಾರನ್ನು ಒತ್ತಿದೆ. ಹಿಂದೆ 'ಟಪ್' ಎಂದಿತು, ಕಾರು ಎಮ್ಮೆಯ ಕಡೆ ಜಿಗಿಯಿತು. ಬ್ರೇಕು ತುಳಿದಾಗ ಅದರ ಬಾಲ ನನ್ನ ಬಾನೆಟ್ಟಿನ ಮೇಲಿತ್ತು. ಎಮ್ಮೆ ಕದಲಲಿಲ್ಲ. ಅದರ ಯಜಮಾನ ಕಟ್ಟೆಯಿಂದ ಎದ್ದು ಬಂದ. "ಏನ್ರೀ ಮಾಸ್ತರ, ಹಾರನ್ ಹೊಡದ್ರ ಎಮ್ಮಿ ಸರೀಬೇಕ್ರಿ. ನಿಮ್ಮ ಕಾರs ಸರೀತೈತಲ್ರಿ!" ಓಣಿಯ ಜನವೆಲ್ಲ ನಕ್ಕಿತು.

ನಾನು ಹೋಗಿ ಹೇಳಿದರೆ ಮಾವನವರು, "ಟೈಮರ್ ಹಾಕಲಾರದ್ದು ಕಡಿಮಿ ಆತು" ಎಂದರು. ತಪ್ಪು ಟೈಮರಿನದು. ದೊಡ್ಡ ಪಂಪುಗಳ ಸ್ಟಾರ್ಟರಿನಲ್ಲಿರುವ ಟೈಮರೊಂದನ್ನು ತಂದು ಕೂಡಿಸಿದರು. ಸಣ್ಣಗೆ ಒತ್ತಿದರೆ ಬರೀ ಹಾರನ್ನು. ಒತ್ತಿ ಹಿಡಿದು ಒಂದು, ಎರಡು, ಮೂರು ಎಣಿಸಿದರೆ ಮೋಟಾರು. ದೇವಣಗಾಂವದ ರಸ್ತೆಯಲ್ಲಿ ಪರೀಕ್ಷೆಗೆ ಹೋದೆವು. ಒಂದು, ಎರಡು, ಮೂರು ಎಂದು ಅವರೇ ಎಣಿಸಿದರು. ಯಾರೋ ಹಿಂದಿನಿಂದ ಅಂಗೈ ಇಟ್ಟು ದೂಡಿದಂತೆ ಕಾರು ಮುಂದೆ ಹೋಯಿತು. ಸುಳ್ಳಲ್ಲ, ನನ್ನ ಬೆನ್ನು ಸೀಟಿಗೆ ಅಂಟಿತು. ನನ್ನ ಜೀವಮಾನದ ಮೊದಲ ಓವರ್‌ಟೇಕ್ ಅದು. ಹಿಂದೆ ಬಿದ್ದದ್ದು ಒಂದು ಖಾಲಿ ಚಕ್ಕಡಿ.

ಆಮೇಲೆ ಒಂದು ವರ್ಷ ನಾನು ಆ ಕಾರು ಓಡಿಸಿದೆ, ಅಂದರೆ ಸಹಿಸಿದೆ. ಡಿಕ್ಕಿಯಲ್ಲಿ ಬ್ಯಾಟರಿಗಳಿದ್ದುದರಿಂದ ಸಂತೆಯ ಚೀಲಗಳನ್ನು ಹೆಂಡತಿ ತೊಡೆಯ ಮೇಲಿಟ್ಟುಕೊಳ್ಳಬೇಕು. ಆಸಿಡ್ಡು ನನ್ನ ಒಂದೇ ಒಂದು ಒಳ್ಳೆಯ ಪ್ಯಾಂಟಿಗೆ ತೂತು ಹಾಕಿತು. ದಿನಾ ಚಾರ್ಜು ಮಾಡಬೇಕು. ಮಾಡಿದೆನೋ ಇಲ್ಲವೋ ಎಂದು ಎದ್ದೆದ್ದು ಹೋಗಿ ನೋಡಬೇಕು. ಶಾಲೆಯ ಹುಡುಗರು ನನ್ನ ಕಾರಿನ ಮುಂದೆ ಹಾಯುವಾಗ ಕೈ ಮುಗಿದು, "ಸರ, ಹಾರನ್ ಹೊಡೀಬ್ಯಾಡ್ರಿ" ಎನ್ನುತ್ತಿದ್ದರು. ಇಷ್ಟೆಲ್ಲ ಮಾಡಿ ನಾನು ಒಂದಾದರೂ ಕಬ್ಬಿನ ಟ್ರ್ಯಾಕ್ಟರನ್ನು ದಾಟಿದೆನೇ? ಇಲ್ಲ. ಎರಡು ಎಣಿಸುವುದರೊಳಗೆ ಕೈ ತೆಗೆಯುತ್ತಿದ್ದೆ. ಎದುರಿಗೆ ಲಾರಿ ಬಂದರೆ? ಮಾವನವರು ಪ್ರತಿ ಸಲ ಕೇಳುವರು, "ಮೋಟಾರ್ ಹೆಂಗದ?" ನಾನು, "ಛಲೋ ಅದ್ರಿ" ಎನ್ನುವೆ. ಅವರು ನನ್ನ ಕೈ ನೋಡುವರು. ಪಿಕಪ್ಪು ಬಂದ ಮೇಲೂ ನಾನು ಹಿಂದೆಯೇ ಉಳಿದರೆ ಇನ್ನು ಯಾವ ಸಾಮಾನಿನ ಮೇಲೆ ತಪ್ಪು ಹೊರಿಸಿಯಾರು ಎಂಬುದೇ ನನ್ನ ಹೊಸ ಚಿಂತೆ.

ಮರುವರ್ಷದ ಮಾಘದಲ್ಲಿ ಮುದ್ದೇಬಿಹಾಳದಲ್ಲಿ ಬಳಗದವರ ಮುಂಜಿ. ಊಟ ಮುಗಿಸಿ ಎದ್ದ ಮಾವನವರು ಕೈ ತೊಳೆಯುವಲ್ಲೇ ಗೋಡೆ ಹಿಡಿದು ಕೂತರು. ಮುಖವೆಲ್ಲ ಬೆವರು. ಅಲ್ಲಿಯ ಡಾಕ್ಟರು ನಾಲಿಗೆಯ ಕೆಳಗೆ ಗುಳಿಗೆ ಇಟ್ಟು, "ಹಾರ್ಟಿಂದ ಐತ್ರಿ. ಲಗೂನ ವಿಜಾಪುರಕ್ಕ ಒಯ್ರಿ, ಎಷ್ಟು ಲಗೂ ಆದ್ರ ಅಷ್ಟು ಛಲೋ. ಅಜ್ಜಾರ, ನೀವು ಮಾತಾಡಬ್ಯಾಡ್ರಿ" ಎಂದರು. ಮುಂಜಿಗೆ ಬಂದಿದ್ದ ಗಾಡಿಗಳಲ್ಲಿ ಆ ಹೊತ್ತಿಗೆ ಅಲ್ಲಿ ಉಳಿದದ್ದು ನನ್ನದೊಂದೇ. ಬೇರೆ ಯಾರಾದರೂ ಓಡಿಸಲಿ ಎಂದು ನಾನು ಸುತ್ತ ನೋಡಿದೆ. ಹಾರನ್ನು ಒತ್ತಿದರೆ ಜಿಗಿಯುವ ಕಾರನ್ನು ಯಾರು ಮುಟ್ಟುತ್ತಾರೆ? ಗಾಡಿ ಹಗುರಾಗಲೆಂದು ಅತ್ತೆಯವರು ಬಸ್ಸಿಗೆ ಬರುತ್ತೇನೆಂದರು. ಹೆಂಡತಿ ಹಿಂದೆ ಕೂತು ತಂದೆಯನ್ನು ತೋಳಿಗೆ ಒರಗಿಸಿಕೊಂಡಳು.

ಬಾಗೇವಾಡಿ ಇನ್ನೂ ಬಂದಿರಲಿಲ್ಲ, ಮೊದಲನೆಯದು ಸಿಕ್ಕಿತು. ಎರಡು ಟ್ರೇಲರು, ಟೇಪು, ರಸ್ತೆ ಗುಡಿಸುವ ಗರಿ. ಎರಡು ವರ್ಷದ ಹಿಂದಿನದೇ ಟ್ರ್ಯಾಕ್ಟರು ಅಲ್ಲಿಯವರೆಗೂ ನನಗಾಗಿ ಕಾದು ನಿಂತಿತ್ತೇನೋ ಅನ್ನಿಸಿತು. ನಾನು ಹಾರನ್ನು ಒತ್ತಿದೆ. ಕೈ ತಾನಾಗಿ ಮೇಲೇಳುತ್ತಿತ್ತು. ಆಗ ಹಿಂದಿನಿಂದ ಸಣ್ಣ ದನಿ ಬಂತು.

"ಒಂದು."

"ಅಪ್ಪಾ, ಮಾತಾಡಬ್ಯಾಡ ಅಂದಾರ ಡಾಕ್ಟರು!"

"ಎರಡು," ಎಂದರು. ಹಾಲಿನವನ ಚಿಲ್ಲರೆ ಕೇಳಿದಾಗ ಗದರುವ ಧಾಟಿ ಅದು. ಇಷ್ಟು ವರ್ಷಕ್ಕೆ ನನಗೂ ಆ ಭಾಷೆ ಬರುತ್ತಿತ್ತು. ಕೈ ಅಲ್ಲೇ ಉಳಿಯಿತು. "ಮೂರು." ಟಪ್. ಹಿಂದಿನಿಂದ ದೂಡುವ ಆ ಅಂಗೈ ಬೆನ್ನಿಗೆ ಬಂತು. ಕಬ್ಬಿನ ಗರಿ ಕಿಟಕಿಗೆ ಬಡಿಯುತ್ತ, ಬಡಿಯುತ್ತ, ಹಿಂದೆ ಹೋಯಿತು. ಎದುರಿಗೆ ಲಾರಿ ಬರಲಿಲ್ಲ. ರಸ್ತೆ ಬರಿದಾಗಿ ಅಷ್ಟು ಉದ್ದ ಬಿದ್ದಿತ್ತು. ಟ್ರ್ಯಾಕ್ಟರಿನ ಮುಂದೆ ರಸ್ತೆ ಇರುತ್ತದೆಂಬುದನ್ನೇ ನಾನು ಮರೆತಿದ್ದೆ.

ಎರಡನೆಯದನ್ನು ಬಾಗೇವಾಡಿ ದಾಟಿದ ಮೇಲೆ ಹಿಂದೆ ಹಾಕಿದೆ, ಅದಕ್ಕೂ ಅವರೇ ಎಣಿಸಿದರು. ಮೂರನೆಯದು ಸಿಕ್ಕಾಗ ಹಾರನ್ನು ಒತ್ತಿದೆ, ಹಿಂದಿನಿಂದ ಏನೂ ಬರಲಿಲ್ಲ. ಕನ್ನಡಿಯಲ್ಲಿ ನೋಡಲು ಧೈರ್ಯವಾಗಲಿಲ್ಲ. "ಮಾವಾರ?" ಎಂದೆ. "ಮುಂದ ನೋಡ್ರೀ, ಉಸಿರಾಡ್ಲಿಕ್ಕತ್ತಾರ!" ಎಂದು ಹೆಂಡತಿ ಕೂಗಿದಳು. ನಾನೇ ಎಣಿಸಿದೆ. ಜೋರಾಗಿ, ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲಿ, ಅವರಿಗೆ ಕೇಳಲೆಂದು. ಒಂದು. ಎರಡು. ಮೂರು.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಈ ಕತೆ ನಿಲ್ಲಿಸಬೇಕೆಂದಿರುವುದು ಬೇರೆ ಕಡೆ. ಮಾವನವರು ಆ ದಿನ ಉಳಿದರು. ಹೊತ್ತಿಗೆ ಸರಿಯಾಗಿ ತಂದಿರಿ ಎಂದು ಡಾಕ್ಟರು ನನಗೆ ಹೇಳಿದರು. ಆ ಮಾತನ್ನು ನನ್ನ ಇಡೀ ಜೀವಮಾನದಲ್ಲಿ ಬೇರೆ ಯಾರೂ ಹೇಳಿಲ್ಲ. ಮತ್ತೆ ಐದು ವರ್ಷ ಅವರು ಅದೇ ಪಡಸಾಲೆಯಲ್ಲಿ ತಂತಿ ಸುತ್ತಿದರು, ನನ್ನನ್ನು ಅಂಕಿಯಲ್ಲೇ ಮಾತಾಡಿಸಿದರು. ಬ್ಯಾಟರಿಗಳು ಸತ್ತ ಮೇಲೆ ಮೋಟಾರನ್ನು ಬಿಚ್ಚಿ ಕಬ್ಬಿನ ಹಾಲಿನ ಗಾಡಿಯವನಿಗೆ ಕೊಟ್ಟರು. ಇಷ್ಟು ದಿನ ಕಬ್ಬು ದಾಟಿದ್ದಾಯಿತು, ಇನ್ನು ಹಿಂಡಲಿ ಎಂದರು. ಒಂದು ಮಧ್ಯಾಹ್ನ ಕಾಯಿಲು ಸುತ್ತುತ್ತಲೇ ಹೋದರು. ಅತ್ತೆಯವರು ಒಳಗೆ ಕೇಳಿಸಿಕೊಳ್ಳುತ್ತಲೇ ಇದ್ದರಂತೆ. ಅರವತ್ತೆರಡು ಬಂತು, ಅರವತ್ತಮೂರು ಬರಲಿಲ್ಲ. ಫೋನು ಬಂದಾಗ ನಾನು ಸಿಂದಗಿಯಿಂದ ಮೋಟಾರಿಲ್ಲದ ಕಾರಿನಲ್ಲಿ ಹೊರಟೆ, ದಾರಿಯಲ್ಲಿ ಸಿಕ್ಕ ಎಲ್ಲವನ್ನೂ ಒಂದು ಎರಡು ಮೂರು ಎಣಿಸಿ ದಾಟಿದೆ. ಹೆಂಡತಿಯ ಕೈಯಲ್ಲಿ ಹೆಣಿಗೆ ಇರಲಿಲ್ಲ.

ನನಗೆ ಪಿಕಪ್ಪು ಇಲ್ಲವೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಅದನ್ನು ನನ್ನ ಮುಖದ ಮೇಲೆ ಅನ್ನಲಾರದೆ ಮನುಷ್ಯ ನಾಲ್ಕು ತಿಂಗಳು ಒಂದು ಕಾರಿನ ಕೆಳಗೆ ಅಂಗಾತ ಮಲಗಿದ್ದರು. ಈ ಋಣ ತೀರಿಸುವ ದಾರಿ ನನಗೆ ಗೊತ್ತಿಲ್ಲ.

ಇನ್ನು ಉಳಿದದ್ದು ಮುದ್ದೇಬಿಹಾಳದಿಂದ ಬಂದ ಆ ದಿನ ಕೊನೆಗೆ ಕೆಟ್ಟದ್ದೇನು ಎಂಬುದು. ಬ್ಯಾಟರಿ ಸಿಡಿಯಲಿಲ್ಲ, ಚೈನು ಹರಿಯಲಿಲ್ಲ, ಪೊಲೀಸರು ನಮ್ಮತ್ತ ನೋಡಲೂ ಇಲ್ಲ. ವಿಜಾಪುರದ ದವಾಖಾನೆಯ ಬಾಗಿಲಿಗೆ ಕಾರು ನಿಲ್ಲಿಸಿ ಕೀಲಿ ತೆಗೆದೆ. ಕಂಪೌಂಡರನೂ ಮತ್ತೊಬ್ಬನೂ ಬಂದು ಹಿಂದಿನ ಬಾಗಿಲು ತೆರೆದು ಮಾವನವರನ್ನು ಸ್ಟ್ರೆಚರಿಗೆ ಎತ್ತಿಕೊಂಡರು. ಡಿಕ್ಕಿಯ ಬ್ಯಾಟರಿಗಳು ಅಷ್ಟರಲ್ಲಿ ಬರಿದಾಗಿ ಮೋಟಾರು ನಿಂತಿತ್ತು, ಕಾರಿನ ಸ್ವಂತ ಬ್ಯಾಟರಿಯ ಹಾರನ್ನು ಮಾತ್ರ ನಿಲ್ಲಲಿಲ್ಲ. ಒಂದೇ ಸಮ ಒದರುತ್ತಿತ್ತು. ಕಿಟಕಿಗಳಲ್ಲಿ ರೋಗಿಗಳು ಇಣುಕಿದರು.

"ಏ, ಬಂದ್ ಮಾಡ್ರೀ ಅದನ್ನ! ದವಾಖಾನಿ ಐತ್ರಿ ಇದು!" ಎಂದು ಕಂಪೌಂಡರ್ ಕೂಗಿದ.

"ಬಂದ್ ಆಗವಲ್ದ್ರೀ! ಜಾಮ್ ಆಗೇದ್ರಿ!" ಎಂದು ನಾನೂ ಕೂಗಿದೆ. ಬಲಗೈಯಿಂದ ಕೀಲಿ ಹಾಕಿದೆ, ತಿರುಗಿಸಿದೆ, ತೆಗೆದೆ. ಒದರುತ್ತಲೇ ಇತ್ತು.

ಸ್ಟ್ರೆಚರು ನನ್ನ ಕಿಟಕಿಯ ಪಕ್ಕ ಹಾಯುವಾಗ ಮಾವನವರು ತಲೆ ಹೊರಳಿಸಿ ಸ್ಟೇರಿಂಗಿನ ಕಡೆ ನೋಡಿದರು. ಅವರ ಕಣ್ಣು ಹೋದಲ್ಲಿಗೆ ನನ್ನ ಕಣ್ಣೂ ಹೋಯಿತು. ನನ್ನ ಎಡ ಅಂಗೈ ಹಾರನ್ನಿನ ಮೇಲೆಯೇ ಇತ್ತು. ಬೆರಳುಗಳು ಬೆಳ್ಳಗಾಗುವಷ್ಟು ಗಟ್ಟಿಯಾಗಿ ಒತ್ತಿಕೊಂಡೇ ಇತ್ತು. ಮೂರನೆಯ ಟ್ರ್ಯಾಕ್ಟರು ದಾಟಿದ ಮೇಲೂ ಎಷ್ಟು ಸಲ ಹಾಗೆ ಒತ್ತಿದ್ದೆನೋ, ಇಳಿಸುವುದೇ ಅದಕ್ಕೆ ಮರೆತುಹೋಗಿತ್ತು.

ಮಾವನವರು ಅದನ್ನು ನೋಡಿದರು. ನಾನು ನೋಡಿದ್ದನ್ನೂ ನೋಡಿದರು. ಆಮೇಲೆ ಕಂಪೌಂಡರನ ಕಡೆ ತಿರುಗಿ, ಮಾತಾಡಬಾರದೆಂದು ಹೇಳಿಸಿಕೊಂಡಿದ್ದ ಬಾಯಿಂದ ಮೆಲ್ಲಗೆ ಹೇಳಿದರು:

"ಸ್ಪ್ರಿಂಗ್ ಹಳೇದದ. ಬದಲಿ ಮಾಡಬೇಕು."